ಹತ್ತುವ ಮೆಟ್ಟಿಲು ಇಳಿಯುವ ಮೆಟ್ಟಿಲಾದ ಸ್ಟೇಷನ್: ಒಂದು ದುರಸ್ತಿಯ ದಿನಚರಿ

ನವೆಂಬರಿನಲ್ಲಿ ಮೊದಲ ಸಲ ಆ ಕಟ್ಟಡಕ್ಕೆ ಹೋದಾಗ ಬಾಗಿಲಲ್ಲೇ ಎಡವಿದೆ. ಪ್ಲಾಟ್‌ಫಾರಂನಿಂದ ಒಳಗೆ ಹೋಗಲು ಒಂದು ಮೆಟ್ಟಿಲು ಕೆಳಗೆ ಇಳಿಯಬೇಕಿತ್ತು. ಹಳೇ ಕಟ್ಟಡ ಅಂದರೆ ಜಗಲಿ ಹತ್ತಿ ಒಳಗೆ ಹೋಗುವುದು, ಅಲ್ವಾ? ನೀರು ಬರಬಾರದೆಂದು ಎಲ್ಲರೂ ನೆಲವನ್ನು ಎತ್ತರಿಸಿಯೇ ಕಟ್ಟುತ್ತಾರೆ. ಇಲ್ಲಿ ಉಲ್ಟಾ ಆಗಿತ್ತು. ಕಟ್ಟಡದ ಕಾಯಿಲೆಯ ಸುಳಿವೆಲ್ಲ ಆ ಒಂದು ಮೆಟ್ಟಿಲಲ್ಲೇ ಇತ್ತು. ನನಗೆ ಅದು ತಿಳಿಯಲು ಮೂರು ವಾರ ಬೇಕಾಯಿತು.

ಸ್ಟೇಷನ್ ಇರುವುದು ಬೆಂಗಳೂರು–ಮೈಸೂರು ಮಾರ್ಗದ ಒಂದು ಸಣ್ಣ ಊರಿನಲ್ಲಿ. ಟಿಕೆಟ್ ಕೊಡುವ ಕೆಲಸ ಪಕ್ಕದ ಹೊಸ ಕಟ್ಟಡಕ್ಕೆ ಹೋಗಿ ಬಹಳ ಕಾಲವಾಗಿದೆ. ಹಳೆಯದರಲ್ಲಿ ಮುರಿದ ಬೆಂಚು, ಬಣ್ಣದ ಡಬ್ಬ, ಕೇಬಲ್ ಸುರುಳಿ ತುಂಬಿದ್ದವು. ಕೆಡವಬೇಕೆಂಬ ಮಾತೂ ಇತ್ತಂತೆ. ಕೊನೆಗೆ ದುರಸ್ತಿ ಮಾಡಿ ಪ್ರಯಾಣಿಕರು ಕೂರುವ ಕೋಣೆ ಮಾಡೋಣ ಎಂದು ತೀರ್ಮಾನವಾಯಿತು. ನಾನು ಹಳೇ ಕಟ್ಟಡಗಳ ಕೆಲಸ ಮಾಡುವವನು. ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಯೊಬ್ಬರು, ಅವರ ಕೈಕೆಳಗೆ ನಾಲ್ಕು ಜನ, ಒಬ್ಬ ಬಡಗಿ. ಇಷ್ಟೇ ನಮ್ಮ ತಂಡ.

ಕಟ್ಟಡ ದೊಡ್ಡದೇನಲ್ಲ. ನಡುವೆ ಟಿಕೆಟ್ ಹಾಲ್. ಒಂದು ಪಕ್ಕಕ್ಕೆ ಸ್ಟೇಷನ್ ಮಾಸ್ಟರ್ ಕೋಣೆ, ಇನ್ನೊಂದು ಪಕ್ಕಕ್ಕೆ ಪಾರ್ಸೆಲ್ ಕೋಣೆ. ತುದಿಯಲ್ಲಿ ಪುಟ್ಟದೊಂದು ದೀಪದ ಕೋಣೆ. ಸಿಗ್ನಲ್ ಕಂಬಗಳಿಗೆ ಸೀಮೆಎಣ್ಣೆ ದೀಪ ಹಾಕುತ್ತಿದ್ದ ಕಾಲದಲ್ಲಿ ದೀಪ ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬುತ್ತಿದ್ದ ಜಾಗ ಅದು. ಗೋಡೆಗೆ ಕಲ್ಲಿನ ಪಾಯ, ಮೇಲೆ ಇಟ್ಟಿಗೆ, ಅದರ ಮೇಲೆ ಗಾರೆ. ತೇಗದ ಪಕಾಸು, ಮಂಗಳೂರು ಹೆಂಚು. ಪ್ಲಾಟ್‌ಫಾರಂ ಕಡೆ ಜಗಲಿಗೆ ಮರದ ಕಂಬವಿಲ್ಲ. ಹಳೇ ಹಳಿಗಳನ್ನೇ ನೆಟ್ಟು ಕಂಬ ಮಾಡಿದ್ದರು.

ಮೊದಲ ವಾರ: ತಟ್ಟಿ ನೋಡುವುದು

ಮೊದಲ ವಾರ ಏನನ್ನೂ ಒಡೆಯಲಿಲ್ಲ. ಸೀಮೆಸುಣ್ಣ ಹಿಡಿದು ಗೋಡೆಯನ್ನು ಅಂಗೈ ಅಗಲಕ್ಕೊಮ್ಮೆ ಸುತ್ತಿಗೆಯ ಹಿಡಿಯಿಂದ ತಟ್ಟಿದೆವು. ಗಟ್ಟಿ ಸದ್ದು ಬಂದಲ್ಲಿ ಬಿಟ್ಟೆವು. ಪೊಳ್ಳು ಸದ್ದು ಬಂದಲ್ಲಿ ಗೆರೆ ಎಳೆದೆವು. ವಾರದ ಕೊನೆಗೆ ಗೆರೆಗಳನ್ನು ನಕ್ಷೆಗೆ ಇಳಿಸಿದಾಗ ಒಂದು ವಿಷಯ ಎದ್ದು ಕಂಡಿತು. ಊರಿನ ಕಡೆಯ ಗೋಡೆ ಹೆಚ್ಚುಕಡಿಮೆ ಆರೋಗ್ಯವಾಗಿತ್ತು. ಪ್ಲಾಟ್‌ಫಾರಂ ಕಡೆಯ ಗೋಡೆ ಮಾತ್ರ ನೆಲದಿಂದ ಎದೆಯೆತ್ತರದವರೆಗೆ ಪೊಳ್ಳು. ಆ ಗೆರೆಯ ಮೇಲೆ ಬಿಳಿ ಉಪ್ಪು ಹಿಟ್ಟಿನಂತೆ ಉದುರುತ್ತಿತ್ತು.

ಒಂದೇ ಕಾಲದ ಗೋಡೆಗಳು, ಒಂದೇ ಇಟ್ಟಿಗೆ, ಒಂದೇ ಮಳೆ. ಒಂದು ಕಡೆ ಮಾತ್ರ ಯಾಕೆ ಹೀಗೆ? ನಾನು ಛಾವಣಿಯ ಸೋರಿಕೆ ಹುಡುಕಿದೆ. ಜಗಲಿ ಇರುವುದೇ ಆ ಕಡೆ, ಹಾಗಾಗಿ ಮಳೆ ಆ ಗೋಡೆಗೆ ಕಡಿಮೆ ಬೀಳಬೇಕು. ಲೆಕ್ಕ ತಾಳೆಯಾಗಲಿಲ್ಲ.

ಉತ್ತರ ಹೇಳಿದ್ದು ಮೇಸ್ತ್ರಿ. ಗೋಡೆ ಬುಡದಲ್ಲಿ ಕೂತು ನೆಲದ ಹಾಸುಗಲ್ಲನ್ನು ಕೈಯಲ್ಲಿ ಸವರಿ, “ಇದು ಗೋಡೆಯ ಬುಡ ಅಲ್ಲ ಸಾರ್. ಗೋಡೆಯ ಮೊಣಕಾಲು. ಬುಡ ಇನ್ನೂ ಕೆಳಗಿದೆ” ಅಂದರು.

ಅಗೆದಾಗ ಸಿಕ್ಕ ಮೆಟ್ಟಿಲು

ರೈಲ್ವೆಯವರ ಒಪ್ಪಿಗೆ ಪಡೆದು ಬಾಗಿಲ ಮುಂದೆ ಒಂದು ಮೀಟರ್ ಅಗಲಕ್ಕೆ ಹಾಸುಗಲ್ಲು ಎಬ್ಬಿಸಿದೆವು. ಮೊದಲು ಕಾಂಕ್ರೀಟ್, ಅದರಡಿ ಮಣ್ಣು, ಅದರಡಿ ಇನ್ನೊಂದು ಕಲ್ಲುಹಾಸು. ಅದನ್ನು ಗುಡಿಸಿದಾಗ ಬಾಗಿಲಿಗೆ ಹತ್ತುವ ಎರಡು ಕಲ್ಲಿನ ಮೆಟ್ಟಿಲು ಕಂಡವು. ನಡುಭಾಗ ಕಾಲು ಸವೆದು ಬಟ್ಟಲಿನಂತೆ ತಗ್ಗಾಗಿತ್ತು.

ಇಲ್ಲಿ ಈ ಮಾರ್ಗದ ಕಥೆ ಸ್ವಲ್ಪ ಹೇಳಲೇಬೇಕು. ಧಾತು–ಈಶ್ವರ ಸಂವತ್ಸರದ ಬರ, ಅಂದರೆ 1876–78ರ ಬರಗಾಲದಲ್ಲಿ, ಹಸಿದವರಿಗೆ ಕೂಲಿ ಕೊಡಲು ಈ ಮಾರ್ಗದ ಮಣ್ಣಿನ ಕೆಲಸ ಶುರುವಾಯಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರ ಎಣಿಕೆಗೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಉಳಿದವರಲ್ಲಿ ಎಷ್ಟೋ ಜನ ಬುಟ್ಟಿ ಹೊತ್ತು ಹಾಕಿದ ದಿಬ್ಬದ ಮೇಲೆ ಇವತ್ತೂ ರೈಲು ಓಡುತ್ತಿದೆ. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ರಂಗಾಚಾರ್ಲು ದಿವಾನರಾದರು. ಮರುವರ್ಷ, 1882ರಲ್ಲಿ, ರೈಲು ಮೈಸೂರು ಮುಟ್ಟಿತು. ಅದು ಮೀಟರ್ ಗೇಜ್. ಎರಡು ಹಳಿಗಳ ನಡುವೆ 1,000 ಮಿಲಿಮೀಟರ್.

ಸಣ್ಣ ಗೇಜಿಗೆ ತಗ್ಗಿನ ಪ್ಲಾಟ್‌ಫಾರಂ ಸಾಕಿತ್ತು. ಕಟ್ಟಿದವರು ಅದರಿಂದ ಎರಡು ಮೆಟ್ಟಿಲು ಮೇಲಕ್ಕೆ, ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಡದ ನೆಲ ಇಟ್ಟರು. ಲೆಕ್ಕ ಸರಿಯಾಗಿಯೇ ಇತ್ತು. 1951ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. 1992ರಲ್ಲಿ ದೇಶದಲ್ಲೆಲ್ಲ ಒಂದೇ ಗೇಜ್ ಇರಲಿ ಎಂಬ ಯೋಜನೆ ಬಂತು. ಈ ಮಾರ್ಗಕ್ಕೂ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಬಂತು. ದೊಡ್ಡ ಬೋಗಿಗೆ ಎತ್ತರದ ಪ್ಲಾಟ್‌ಫಾರಂ ಬೇಕು. ಹಳಿಯ ಮೇಲ್ಮಟ್ಟದಿಂದ 760ರಿಂದ 840 ಮಿಲಿಮೀಟರ್. ಅಷ್ಟು ಎತ್ತರಿಸುವಾಗ ಕಟ್ಟಡ ಎದ್ದು ನಿಲ್ಲುವುದಿಲ್ಲವಲ್ಲ! ಮಣ್ಣು ತುಂಬಿ, ಕಾಂಕ್ರೀಟ್ ಹಾಕಿ, ಕಲ್ಲು ಹಾಸಿದರು. ಹತ್ತುತ್ತಿದ್ದ ಎರಡು ಮೆಟ್ಟಿಲು ಹೂತುಹೋದವು. ನೆಲ ಹೊರಗಿನ ಹಾಸಿಗಿಂತ 15 ಸೆಂಟಿಮೀಟರ್ ಕೆಳಗಾಯಿತು.

ಕಲ್ಲಿನ ಪಾಯವೂ ಅದರ ಜೊತೆಗೇ ಹೂತಿತು. ಮಣ್ಣಿನ ತೇವ ಇಟ್ಟಿಗೆಗೆ ಏರದಂತೆ ತಡೆಯಲೆಂದೇ ಇದ್ದ ಕಲ್ಲು ಅದು. ಈಗ ಇಟ್ಟಿಗೆಯೇ ನೇರವಾಗಿ ಒದ್ದೆ ಮಣ್ಣಿಗೆ ತಾಗಿತ್ತು. ಸಾಲದ್ದಕ್ಕೆ ತಳ್ಳುಗಾಡಿ ಹಳಿಯ ಕಡೆ ಉರುಳದಿರಲೆಂದು ಹಾಸುಗಲ್ಲಿನ ಇಳಿಜಾರನ್ನು ಕಟ್ಟಡದ ಕಡೆಗೆ ಕೊಟ್ಟಿದ್ದರು. ಪ್ಲಾಟ್‌ಫಾರಂ ಮೇಲೆ ಬಿದ್ದ ನೀರೆಲ್ಲ ಗೋಡೆಗೇ.

ಸಿಮೆಂಟ್ ಕೋಟು ಬಿಚ್ಚಿದ್ದು

ತೇವ ಕಂಡವರು ಹಿಂದೆ ಯಾವಾಗಲೋ ಗೋಡೆಗೆ ಎದೆಯೆತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದರು. ಮೇಲೆ ಆಯಿಲ್ ಪೇಂಟ್. ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಇವತ್ತಿಗೂ ನೂರಕ್ಕೆ ತೊಂಬತ್ತು ಜನ ಇದನ್ನೇ ಮಾಡುತ್ತಾರೆ. ಆದರೆ ಹಳೇ ಗೋಡೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ. ಈ ಒಂದು ಮಾತನ್ನು ಎಲ್ಲರಿಗೂ ಹೇಳಬೇಕೆಂದೇ ನಾನು ಇದನ್ನು ಬರೆಯುತ್ತಿದ್ದೇನೆ.

ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಇಟ್ಟಿಗೆ ಒಳಗಿನ ತೇವ ಅದರ ಮೂಲಕ ಹೊರಗೆ ಬಂದು ಗಾಳಿಗೆ ಆರಿಹೋಗುತ್ತದೆ. ಸಿಮೆಂಟ್ ಅದಕ್ಕಿಂತ ಬಿಗಿ. ಪೇಂಟ್ ಇನ್ನೂ ಬಿಗಿ. ಕೆಳಗಿನಿಂದ ಬಂದ ತೇವಕ್ಕೆ ದಾರಿ ಸಿಗದೆ ಗೋಡೆಯೊಳಗೇ ಮೇಲಕ್ಕೆ ಏರುತ್ತದೆ. ಜೊತೆಗೆ ಮಣ್ಣಿನ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರುವ ಜಾಗದಲ್ಲಿ ಉಪ್ಪು ಹರಳಾಗುತ್ತದೆ. ಹರಳು ಬೆಳೆಯುವಾಗ ಇಟ್ಟಿಗೆಯನ್ನು ಒಳಗಿನಿಂದ ಸೀಳುತ್ತದೆ. ಉಳಿಯನ್ನು ಓರೆಯಾಗಿ ಹಿಡಿದು ಸಿಮೆಂಟ್ ಎಬ್ಬಿಸಿದಾಗ ಅದು ಹಲಗೆಯಂತೆ ಇಡಿಯಾಗಿ ಬಂತು. ಹಿಂದಿನ ಇಟ್ಟಿಗೆ ಕೆಂಪು ಪುಡಿಯಾಗಿ ಕಾಲ ಮೇಲೆ ಸುರಿಯಿತು. ಕೆಲವು ಕಡೆ ಬೆರಳು ಎರಡು ಗೆಣ್ಣಿನವರೆಗೆ ಒಳಗೆ ಹೋಗುತ್ತಿತ್ತು.

ದೀಪದ ಕೋಣೆಯಲ್ಲಿ ಬೇರೆಯದೇ ಸಮಸ್ಯೆ. ಗಾರೆಗೆ ಸೀಮೆಎಣ್ಣೆ, ಮಸಿ ಇಂಗಿ ಕರಿ ಬಣ್ಣ ಬಂದಿತ್ತು. ಗಾರೆ ಮಾತ್ರ ಕಲ್ಲಿನಂತೆ ಗಟ್ಟಿ. ಎಣ್ಣೆ ಕುಡಿದ ಮೈಗೆ ಹೊಸ ಸುಣ್ಣ ಹಿಡಿಯುವುದಿಲ್ಲ. ಪೂರ್ತಿ ಕೆತ್ತಿದರೆ ಗೋಡೆಯ ಹಳೇ ಕಥೆ ಹೋಗುತ್ತದೆ. ಎರಡು ದಿನ ಯೋಚಿಸಿ ಅದನ್ನು ಹಾಗೇ ಬಿಟ್ಟೆವು. ಈಗಲೂ ಆ ಕೋಣೆ ಹೊಕ್ಕರೆ ಸಣ್ಣಗೆ ಎಣ್ಣೆ ವಾಸನೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಅದೇ ಅತ್ಯಂತ ಬೆಲೆಬಾಳುವ ಕೋಣೆ.

ಡಿಸೆಂಬರ್, ಜನವರಿ: ಕಾಯುವ ಕೆಲಸ

ಸಿಮೆಂಟ್ ತೆಗೆದ ಗೋಡೆಯನ್ನು ಎರಡು ತಿಂಗಳು ಬರಿಮೈಯಲ್ಲಿ ಬಿಟ್ಟೆವು. ದಿನಾ ಬರುವವರು “ಕೆಲಸ ನಿಂತಿದೆಯಾ?” ಎಂದು ಕೇಳುತ್ತಿದ್ದರು. ನಿಂತಿರಲಿಲ್ಲ. ಒಣಗುವುದೂ ಕೆಲಸವೇ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ, ತಟ್ಟೆಯಲ್ಲಿ ಹಿಡಿದು, ದೂರ ಎಸೆಯುತ್ತಿದ್ದೆವು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಸೇರುತ್ತದೆ. ಆಮೇಲೆ ಹಳೇ ಪೇಪರ್ ನೆನೆಸಿ ರುಬ್ಬಿ, ಆ ಮುದ್ದೆಯನ್ನು ಬೆರಳು ದಪ್ಪಕ್ಕೆ ಗೋಡೆಗೆ ಮೆತ್ತಿದೆವು. ಅದು ಆರುವಾಗ ಗೋಡೆಯ ಉಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಕಿತ್ತು ಎಸೆದು ಹೊಸದು ಮೆತ್ತುವುದು. ಹೀಗೆ ಮೂರು ಸಲ. ಮೂರನೇ ಸಲ ಮುದ್ದೆಯ ಮೇಲೆ ಬಿಳಿ ಪುಡಿ ಹೆಚ್ಚು ಕಾಣಲಿಲ್ಲ.

ಈ ನಡುವೆ ಗೋಡೆಯುದ್ದಕ್ಕೂ 60 ಸೆಂಟಿಮೀಟರ್ ಅಗಲದ ಕಾಲುವೆ ತೋಡಿ ಹಳೇ ಕಲ್ಲುಹಾಸಿನ ಮಟ್ಟ ಮುಟ್ಟಿದೆವು. ಹೂತಿದ್ದ ಪಾಯ ಮತ್ತೆ ಗಾಳಿ ಕಂಡಿತು. ಕಾಲುವೆಯ ತಳಕ್ಕೆ ಇಳಿಜಾರು ಕೊಟ್ಟು, ಜಲ್ಲಿ ತುಂಬಿ, ನೀರು ಕಟ್ಟಡದ ತುದಿಯ ಮೋರಿಗೆ ಹೋಗುವಂತೆ ಮಾಡಿದೆವು. ಜನ ಓಡಾಡುವ ಜಾಗ, ತೆರೆದಿಡುವ ಹಾಗಿಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿದೆವು. ಗಾಲಿಕುರ್ಚಿಯ ಚಕ್ರ, ಮಕ್ಕಳ ಕಾಲು ಸಿಕ್ಕಿಕೊಳ್ಳದಷ್ಟು ಸಣ್ಣ ಸಂದಿನ ಜಾಲರಿ. ಪ್ಲಾಟ್‌ಫಾರಂ ಎತ್ತರವನ್ನು ನಾವು ಇಳಿಸಲು ಆಗುವುದಿಲ್ಲ. ಹಾಗಾಗಿ ಬಾಗಿಲೊಳಗೆ ಇಳಿಯುವ ಮೆಟ್ಟಿಲ ಬದಲು ಮರದ ಇಳಿಜಾರು ಕೂರಿಸಿದೆವು. ಬೇಕೆಂದಾಗ ಎತ್ತಿಡಬಹುದು.

ಪುಡಿಯಾದ ಇಟ್ಟಿಗೆಗಳನ್ನು ಒಟ್ಟಿಗೆ ಕೀಳಲಿಲ್ಲ. ಒಂದು ಕಿತ್ತು, ಒಂದು ಕೂರಿಸಿ, ಪಕ್ಕದ್ದನ್ನು ಎರಡು ದಿನ ಬಿಟ್ಟು ಮುಟ್ಟುವುದು. ಇಲ್ಲದಿದ್ದರೆ ಮೇಲಿನ ಭಾರ ಕುಸಿಯುತ್ತದೆ. ಈಗಿನ ಇಟ್ಟಿಗೆಯ ಅಳತೆ ಹೊಂದುವುದಿಲ್ಲ. ಅದೇ ಆವರಣದಲ್ಲಿ ಬಿದ್ದುಹೋಗಿದ್ದ ಗೂಡ್ಸ್ ಶೆಡ್‌ನ ಇಟ್ಟಿಗೆ ಆರಿಸಿ ತಂದೆವು. ಒಂದೇ ಗೂಡಿನಲ್ಲಿ ಬೆಂದವೇನೋ ಅನ್ನುವಷ್ಟು ಸರಿಯಾಗಿ ಕೂತವು.

ಸುಣ್ಣ

ಸುಟ್ಟ ಸುಣ್ಣವನ್ನು ಡಿಸೆಂಬರ್ ಮೊದಲ ವಾರವೇ ತರಿಸಿ ಅರಳಿಸಿದ್ದೆವು. ತೊಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸುಣ್ಣದ ಕಲ್ಲು, ಸ್ವಲ್ಪ ಸ್ವಲ್ಪವಾಗಿ. ನೀರು ಕೊತಕೊತ ಕುದಿಯುತ್ತದೆ, ಹಬೆ ಏಳುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬಾರದು. ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಕುತ್ತು. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟೆವು. ಎರಡು ತಿಂಗಳ ಮೇಲೆ ತೆಗೆದಾಗ ಬೆಣ್ಣೆಯಂತಿತ್ತು. ಕರಣೆಯಿಂದ ಕತ್ತರಿಸಿದರೆ ಹೊಳೆಯುತ್ತಿತ್ತು.

ಒಳಕೋಟಿಗೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಸುರ್ಕಿ ಅಂದರೆ ಇಟ್ಟಿಗೆ ಪುಡಿ. ಅದು ಸುಣ್ಣದೊಡನೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. ಬರೀ ಸುಣ್ಣ ಮರಳಿಗೆ ಆ ಗುಣ ಇಲ್ಲ. ಹಿಂದೆ ಇದನ್ನು ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ನಮ್ಮದು ಮೋಟಾರಿನ ರೋಲರ್. ಕಲಸಲು ಬರೀ ನೀರಲ್ಲ, ಅಳಲೆಕಾಯಿ ಜಜ್ಜಿ ಬೆಲ್ಲದೊಡನೆ ವಾರವಿಡೀ ನೆನೆಸಿದ ನೀರು. ಎಷ್ಟು ಬೆಲ್ಲ ಎಂದು ನಾನು ಅಳತೆ ಕೇಳಿದರೆ ಮೇಸ್ತ್ರಿ ಒಂದು ಹನಿ ಬೆರಳಿಗೆ ತೆಗೆದು, ಹೆಬ್ಬೆರಳಿಗೆ ಅಂಟಿಸಿ ಬಿಡಿಸಿ ತೋರಿಸಿದರು. “ಇಷ್ಟು ಅಂಟಿದ್ರೆ ಸಾಕು ಸಾರ್. ಜಾಸ್ತಿ ಆದ್ರೆ ಗಾರೆ ಬೇಗ ಆರಲ್ಲ, ಇರುವೆ ಬರ್ತವೆ.” ಆ ಅಂಟನ್ನು ಬರೆದಿಡುವುದು ಹೇಗೆಂದು ಇನ್ನೂ ಯೋಚಿಸುತ್ತಿದ್ದೇನೆ. ಆಮೇಲಿನಿಂದ ಪ್ರತಿ ಸಲ ಬೆಲ್ಲ, ನೀರು ಎರಡನ್ನೂ ತೂಗಿ ಪುಸ್ತಕದಲ್ಲಿ ಬರೆದುಕೊಂಡೆ. ಅವರ ಬೆರಳಿನ ಅಳತೆ ಸಲದಿಂದ ಸಲಕ್ಕೆ ಬಹಳ ಕಡಿಮೆ ವ್ಯತ್ಯಾಸವಾಗುತ್ತಿತ್ತು.

ಮಾರ್ಚ್‌ನಲ್ಲಿ ಒಂದು ತಪ್ಪಾಯಿತು, ಅದು ನನ್ನದೇ. ಸ್ಟೇಷನ್ ಮಾಸ್ಟರ್ ಕೋಣೆಯ ಹೊರಗೋಡೆಗೆ ಮಧ್ಯಾಹ್ನ ಎರಡನೇ ಕೋಟು ಹಾಕಿಸಿದೆ. ಬಿಸಿಲು ಜೋರು, ಗಾಳಿಯೂ ಇತ್ತು. ಗೋಡೆ ಬೆಳಿಗ್ಗೆಯಿಂದ ಬಿಸಿಲಿಗೆ ಕಾದಿದೆ, ಈಗ ಬೇಡ ಎಂದು ಮೇಸ್ತ್ರಿ ಹೇಳಿದ್ದರು. ದಿನ ಉಳಿಸುವ ಅವಸರ ನನಗೆ. ಮರುದಿನ ಗೋಡೆ ತುಂಬ ಜೇಡರ ಬಲೆಯಂತೆ ಬಿರುಕು. ಸುಣ್ಣ ಗಟ್ಟಿಯಾಗುವುದು ಒಣಗಿ ಅಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದರಿಂದ. ಅದಕ್ಕೆ ತೇವ ಬೇಕು, ಸಮಯ ಬೇಕು. ಬೇಗ ಒಣಗಿದರೆ ಬರೀ ಪುಡಿ ಉಳಿಯುತ್ತದೆ. ಆ 12 ಚದರ ಮೀಟರ್ ಪೂರ್ತಿ ಕೆರೆದು ತೆಗೆದೆವು. ಆಮೇಲಿನ ಕೆಲಸವೆಲ್ಲ ಬೆಳಿಗ್ಗೆ ಹತ್ತರೊಳಗೆ. ಹಾಕಿದ ಗೋಡೆಯ ಮುಂದೆ ಒದ್ದೆ ಗೋಣಿಚೀಲದ ಪರದೆ, ಎರಡು ವಾರ.

ಹೆಂಚು, ಹಳಿ

ಛಾವಣಿಯ ಕೆಲಸ ಕಷ್ಟವಲ್ಲ, ಎಚ್ಚರ ಬೇಕಷ್ಟೇ. ಪಕ್ಕದಲ್ಲೇ 25 ಕಿಲೋವೋಲ್ಟ್ ವಿದ್ಯುತ್ ತಂತಿ. ಅದರಿಂದ 2 ಮೀಟರ್ ಒಳಗೆ ಯಾರೂ, ಯಾವ ಉಪಕರಣವೂ ಹೋಗಬಾರದು. ಹಳಿ ಕಡೆಯ ಸಾರವೆ ಹಾಕಿದ್ದು, ಬಿಚ್ಚಿದ್ದು ಎರಡೂ ಕರೆಂಟ್ ತೆಗೆದ ಹೊತ್ತಿನಲ್ಲಿ, ರೈಲ್ವೆಯವರ ಎದುರಲ್ಲೇ.

ಸುಮಾರು 180 ಚದರ ಮೀಟರ್ ಛಾವಣಿ. ಚದರ ಮೀಟರಿಗೆ ಹತ್ತಿರ ಹತ್ತಿರ 15 ಹೆಂಚು, ಒಟ್ಟು 2,700ರ ಆಸುಪಾಸು. ಒಂದೊಂದನ್ನೂ ಇಳಿಸಿ ಗೆಣ್ಣಿನಿಂದ ತಟ್ಟಿದೆವು. ಕಂಚಿನಂತೆ ಸದ್ದು ಬಂದರೆ ಒಳ್ಳೆಯದು, ಬೊದ್ದು ಸದ್ದು ಬಂದರೆ ಬಿರುಕು. ಮೂರರಲ್ಲಿ ಎರಡು ಪಾಲು ಉಳಿದವು. ಕೆಲವುಗಳ ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆಯ ಅಚ್ಚು, ಜೊತೆಗೆ 1865 ಎಂಬ ಅಂಕಿ. ಹುಡುಗರಿಗೆ ಬಹಳ ಖುಷಿಯಾಯಿತು. ಆದರೆ ಅದು ಹೆಂಚಿನ ವಯಸ್ಸಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಅಚ್ಚು ಇರುವ ಹೆಂಚುಗಳನ್ನೆಲ್ಲ ಜಗಲಿಯ ಮೇಲೆ ಹೊದಿಸಿದೆವು. ಅಲ್ಲಿ ಒಳಚಾವಣಿ ಇಲ್ಲ, ಬೆಂಚಿನಲ್ಲಿ ಕೂತು ತಲೆ ಎತ್ತಿದರೆ ಅಕ್ಷರ ಓದಬಹುದು.

ಹಳಿಯ ಕಂಬಗಳು ಮೇಲೆ ಚೆನ್ನಾಗಿದ್ದವು. ಕಾಂಕ್ರೀಟಿನಲ್ಲಿ ಹೂತ ಕಾಲುಗಳು ಮಾತ್ರ ತುಕ್ಕಿಗೆ ಅರ್ಧ ಕರಗಿದ್ದವು. ಹಳೇ ಹಳಿಗೆ ಸುಮ್ನೆ ವೆಲ್ಡಿಂಗ್ ಹಿಡಿದರೆ ಜೋಡಣೆಯ ಪಕ್ಕದಲ್ಲೇ ಸೀಳು ಬಿಡಬಹುದು. ರೈಲು ಮಾರ್ಗದಲ್ಲಿ ಹಳಿಗೆ ಹಳಿ ಸೇರಿಸುವಂತೆ ಎರಡು ಕಡೆ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಹಾಕಿ ಹೊಸ ಕಾಲು ಜೋಡಿಸಿದೆವು. ಹಳಿಯ ಸೊಂಟದಲ್ಲಿ ತಯಾರಾದ ವರ್ಷ ಉಬ್ಬಕ್ಷರದಲ್ಲಿ ಇರುತ್ತದೆ. ಎಂಟು ಪದರ ಪೇಂಟ್ ಕೆರೆದಾಗ ಒಂದು ಕಂಬದಲ್ಲಿ 188 ಎಂಬಷ್ಟು ಕಂಡಿತು. ನಾಲ್ಕನೇ ಅಂಕಿ ತುಕ್ಕಿಗೆ ಹೋಗಿದೆ.

ಟಿಕೆಟ್ ಕಿಟಕಿಯನ್ನು ಬಡಗಿ ಬಿಚ್ಚಿ ಮತ್ತೆ ಜೋಡಿಸಿದರು. ಮರದ ಹಲಗೆಯ ಸಂದಿಯಲ್ಲಿ ಒಂದು ರಟ್ಟಿನ ಟಿಕೆಟ್ ಸಿಕ್ಕಿತು. ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್ ರೂಪಿಸಿದ ಆ ಗಾತ್ರ, 57 ಮಿಲಿಮೀಟರ್ ಉದ್ದ, 30ರಷ್ಟು ಅಗಲ. ಗೆದ್ದಲು ಒಂದು ಮೂಲೆ ತಿಂದಿದೆ. ಊರಿನ ಹೆಸರು ಮಾತ್ರ ಓದಲು ಬರುತ್ತದೆ. ಕಿಟಕಿಯ ಪಕ್ಕದಲ್ಲೇ ಗಾಜು ಹಾಕಿ ಇಟ್ಟಿದ್ದೇವೆ.

ಮೇ: ಭರಣಿ ಮಳೆ

ಗೋಡೆಗೆ ಮೂರು ಕೈ ಸುಣ್ಣದ ನೀರು ಹೊಡೆದು ಮುಗಿಸಿದ ವಾರದಲ್ಲೇ ಮಳೆ ಬಂತು. ರಾತ್ರಿ ಒಂದೂವರೆ ಗಂಟೆ ಸುರಿಯಿತು. ಮೇಸ್ತ್ರಿಯೂ ನಾನೂ ಟಾರ್ಚ್ ಹಿಡಿದು ಜಾಲರಿಯ ಮೇಲೆ ಬಗ್ಗಿ ನಿಂತಿದ್ದೆವು. ಪ್ಲಾಟ್‌ಫಾರಂನ ನೀರು ಹಾಳೆಯಂತೆ ಹರಿದು ಬಂದು ಜಲ್ಲಿಯೊಳಗೆ ಇಳಿಯಿತು. ತುದಿಯ ಮೋರಿಯ ಬಳಿ ಓಡಿದೆವು. ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು, ಕೈ ದಪ್ಪಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಗೋಡೆ ನೋಡಿದಾಗ ತೇವದ ಗೆರೆ ಪಾಯದ ಕಲ್ಲು ದಾಟಿರಲಿಲ್ಲ.

ಆ ದಿನ ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಜಾಲರಿಯ ಕೆಳಗೆ ಇಣುಕಿ, “ಈ ಮೆಟ್ಲು ಎಲ್ಲೋಗಿದ್ವಪ್ಪ ಇಷ್ಟ್ ದಿನ?” ಎಂದು ಕೇಳಿದರು. ಮದುವೆಯಾಗಿ ಬಂದ ದಿನ ಅದೇ ಮೆಟ್ಟಿಲ ಮೇಲೆ ಟ್ರಂಕ್ ಇಟ್ಟುಕೊಂಡು ಎತ್ತಿನಗಾಡಿಗೆ ಕಾದಿದ್ದರಂತೆ. ನಾನು ಜಾಲರಿಯ ಒಂದು ತುಂಡು ಎತ್ತಿದೆ. ಅವರು ಬಗ್ಗಿ ಸವೆದ ಜಾಗವನ್ನು ಮುಟ್ಟಿ ನೋಡಿದರು. ಅಷ್ಟರಲ್ಲಿ ಗಾಡಿ ಬಂತು.

ಪಾರ್ಸೆಲ್ ಕೋಣೆಯ ಒಳಗೋಡೆ ಇನ್ನೂ ಬಾಕಿ. ಅಲ್ಲಿ ಉಪ್ಪು ಈಗಲೂ ಬರುತ್ತಿದೆ, ಮಳೆಗಾಲದಲ್ಲಿ ಮುಟ್ಟುವ ಹಾಗಿಲ್ಲ. ತೊಟ್ಟಿಯಲ್ಲಿ ಅರಳಿದ ಸುಣ್ಣ ಇದೆ, ಮೇಲಿನ ನೀರು ಇಳಿದಾಗಲೆಲ್ಲ ಸ್ಟೇಷನ್ ಕಾವಲುಗಾರರು ಒಂದು ಕೊಡ ಸುರಿಯುತ್ತಾರೆ. ದೀಪಾವಳಿ ಕಳೆದ ಮೇಲೆ ಪೇಪರ್ ಮುದ್ದೆ ಮೆತ್ತುವುದರಿಂದ ಮತ್ತೆ ಶುರು ಮಾಡುತ್ತೇವೆ.